ಶೈಲಿಯು ರೂಪುಗೊಳ್ಳುವ ಬಗೆ: ಕಲ್ಲುಕುಟಿಗ ಆಂಡ್ರಿಯಾ ಪಲ್ಲಾಡಿಯೋ ವಾಸ್ತುಶಿಲ್ಪಿಯಾದ ಕಥನ

೧

ಯೂರೋಪಿನ ಪುನರುಜ್ಜೀವನ ಯುಗವನ್ನು ತರಗತಿಯಲ್ಲಿ ಬೋಧಿಸುವಾಗ ನಾವು ಸಾಮಾನ್ಯವಾಗಿ ಕಲಾವಿದರ ಹೆಸರುಗಳನ್ನು ಒಂದಾದ ಮೇಲೊಂದರಂತೆ ಹೇಳಿ, ಪ್ರತಿಯೊಬ್ಬನ ‘ಶೈಲಿ’ಯನ್ನೂ ಎರಡು ಮೂರು ವಿಶೇಷಣಗಳಲ್ಲಿ ಸೂಚಿಸಿ ಮುಂದೆ ಸಾಗುತ್ತೇವೆ. ಕಾಲಾವಕಾಶವು ಕಡಮೆಯಾದುದರಿಂದ ಹಾಗೆ ಮಾಡದೆ ಗತ್ಯಂತರವಿಲ್ಲ. ಆದರೆ ಇದರಿಂದ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆ ಬೇರೂರುತ್ತದೆ. ಶೈಲಿಯೆಂಬುದು ಕಲಾವಿದನು ಹುಟ್ಟುವಾಗಲೇ ತಂದುಕೊಂಡ ಸೊತ್ತು, ಅವಕಾಶ ದೊರೆತೊಡನೆ ಅದು ತಾನಾಗಿ ಹೊರಬೀಳುತ್ತದೆ ಎಂದು ಅವನು ನಂಬುತ್ತಾನೆ. ಈ ನಂಬಿಕೆ ಇತಿಹಾಸದ ದೃಷ್ಟಿಯಿಂದ ಸರಿಯಲ್ಲ. ಕಲಿಯುವವನಿಗೆ ಹಿತಕರವೂ ಅಲ್ಲ.

ಕವಿಗೆ ಬೇಕಾದುದು ಕಾಗದ ಮತ್ತು ಲೇಖನಿ. ಚಿತ್ರಕಾರನಿಗೆ ಬಣ್ಣ ಮತ್ತು ಬಟ್ಟೆ. ವಾಸ್ತುಶಿಲ್ಪಿಯಾದರೋ ಪರರ ನಿವೇಶನದಲ್ಲಿ, ಪರರ ಹಣದಿಂದ, ಪರರ ಕೈಗಳ ಮೂಲಕ ತನ್ನ ಕೃತಿಯನ್ನು ನಿರ್ಮಿಸಬೇಕು. ಒಡೆಯನ ಇಷ್ಟ, ಊರಿನ ಕಟ್ಟಳೆ, ದೊರೆಯುವ ಕಲ್ಲು, ತೆರಬೇಕಾದ ಕೂಲಿ, ಬೀಳುವ ಮಳೆ ಇವೆಲ್ಲವೂ ಅವನ ಕೃತಿಯಲ್ಲಿ ಪಾಲು ಕೇಳುತ್ತವೆ. ಇಷ್ಟು ಜನರ ಪಾಲಿರುವ ಕೃತಿಯಲ್ಲಿ ‘ಇದು ಇಂಥವನದು’ ಎಂದು ಗುರುತಿಸಬಹುದಾದ ವೈಯಕ್ತಿಕ ಶೈಲಿ ಹೇಗೆ ಮೂಡುತ್ತದೆ? ಈ ಪ್ರಶ್ನೆಯನ್ನು ಪ್ರಕೃತ ಪ್ರಬಂಧದಲ್ಲಿ ಒಬ್ಬನೇ ವಾಸ್ತುಶಿಲ್ಪಿಯ ಜೀವಿತವನ್ನು ಆಧಾರವಾಗಿಟ್ಟುಕೊಂಡು ವಿಚಾರ ಮಾಡುವುದು ನಮ್ಮ ಉದ್ದೇಶ.

ಆತನೇ ಹದಿನಾರನೆಯ ಶತಮಾನದ ಉತ್ತರ ಇಟಲಿಯ ಆಂಡ್ರಿಯಾ ಪಲ್ಲಾಡಿಯೋ. ಈತನನ್ನು ಆರಿಸಿಕೊಳ್ಳಲು ಕಾರಣಗಳು ಮೂರು. ಒಂದನೆಯದಾಗಿ, ಈತನ ಕಟ್ಟಡಗಳಲ್ಲಿ ಹೆಚ್ಚಿನವು ವಿಚೆಂಜಾ ನಗರದಲ್ಲಿಯೂ ಅದರ ಸುತ್ತಿನ ಸೀಮೆಯಲ್ಲಿಯೂ ವೆನಿಸ್ಸಿನಲ್ಲಿಯೂ ಇಂದಿಗೂ ನಿಂತಿವೆ. ಎರಡನೆಯದಾಗಿ, ಈತನು ತನ್ನ ಕೈಯಿಂದ ಬರೆದ ರೇಖಾಚಿತ್ರಗಳು ಮುನ್ನೂರಕ್ಕೂ ಮಿಕ್ಕು ಉಳಿದಿದ್ದು, ಅವುಗಳ ಬಹುಭಾಗ ಲಂಡನ್ನಿನಲ್ಲಿ ರಕ್ಷಿತವಾಗಿದೆ. ಮೂರನೆಯದಾಗಿ, ಈತನು ೧೫೭೦ರಲ್ಲಿ ‘ವಾಸ್ತುಶಿಲ್ಪದ ನಾಲ್ಕು ಪುಸ್ತಕಗಳು’ ಎಂಬ ಗ್ರಂಥವನ್ನು ವೆನಿಸ್ಸಿನಲ್ಲಿ ಪ್ರಕಟಿಸಿ, ತನ್ನ ಕಟ್ಟಡಗಳನ್ನು ತಾನೇ ವಿವರಿಸಿದ್ದಾನೆ. ಕಟ್ಟಡ, ಕರಡು, ಗ್ರಂಥ ಎಂಬ ಈ ಮೂರು ಬಗೆಯ ಸಾಕ್ಷ್ಯಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಿದಾಗ ಅವು ಯಾವಾಗಲೂ ಒಂದೇ ಮಾತನ್ನು ಹೇಳುವುದಿಲ್ಲ. ಇತಿಹಾಸಕಾರನ ಕೆಲಸ ಮೊದಲಾಗುವುದು ಅಲ್ಲಿಯೇ.

೨

ಆಂಡ್ರಿಯಾ ಹುಟ್ಟಿದುದು ೧೫೦೮ರ ನವೆಂಬರ್ ೩೦ರಂದು ಪಾದುವಾ ನಗರದಲ್ಲಿ. ತಂದೆ ಪಿಯೆತ್ರೋ ಗಿರಣಿಯ ಕೆಲಸದವನು. ಹುಡುಗನು ೧೫೨೧ರಲ್ಲಿ, ಇನ್ನೂ ಹದಿಮೂರು ತುಂಬುವ ಮೊದಲೇ, ಬಾರ್ತೊಲೊಮಿಯೋ ಕವಾತ್ಸಾ ಎಂಬ ಕಲ್ಲುಕುಟಿಗನಲ್ಲಿ ಆರು ವರ್ಷಗಳ ಕರಾರಿನ ಮೇಲೆ ಶಿಷ್ಯನಾಗಿ ಸೇರಿದನು. ಅವಧಿ ಮುಗಿಯುವ ಮುನ್ನವೇ ಅಲ್ಲಿಂದ ಓಡಿಹೋಗಿ ವಿಚೆಂಜಾ ಸೇರಿದನು. ಕರಾರು ಮುರಿದುದಕ್ಕಾಗಿ ಒಮ್ಮೆ ಹಿಂದಿರುಗಬೇಕಾಯಿತು. ಕಡೆಗೆ ೧೫೨೪ರಲ್ಲಿ ವಿಚೆಂಜಾದ ಕಲ್ಲುಕೆಲಸದವರ ಶ್ರೇಣಿಯಲ್ಲಿ ಅವನ ಹೆಸರು ದಾಖಲಾಯಿತು. ಪೆದೆಮೂರೋ ಎಂಬಲ್ಲಿದ್ದ ಪ್ರಸಿದ್ಧ ಕಮ್ಮಟದಲ್ಲಿ ಅವನು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ದುಡಿದನು. ಅಲ್ಲಿ ಬಾಗಿಲವಾಡಗಳು, ಸಮಾಧಿಗಳು, ಇಗರ್ಜಿಗಳ ವೇದಿಕೆಗಳು ತಯಾರಾಗುತ್ತಿದ್ದುವು.

ಈ ಹನ್ನೆರಡು ವರ್ಷಗಳನ್ನು ಜೀವನಚರಿತ್ರೆಕಾರರು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದುಂಟು. ನಮಗೆ ಅದು ಸರಿಯಾಗಿ ತೋರುವುದಿಲ್ಲ. ಕಂಬದ ಅಡಿಗಲ್ಲಿನ ಉಬ್ಬುತಗ್ಗುಗಳು ಎಷ್ಟು ಆಳವಾಗಿದ್ದರೆ ನೆರಳು ಸರಿಯಾಗಿ ಬೀಳುತ್ತದೆ, ಒಂದು ಬೋದಿಗೆಯನ್ನು ಕೆತ್ತಲು ಎಷ್ಟು ದಿನ ಹಿಡಿಯುತ್ತದೆ, ಯಾವ ಕಲ್ಲು ಉಳಿಯ ಪೆಟ್ಟಿಗೆ ಸೀಳುತ್ತದೆ ಎಂಬುದನ್ನು ಅವನು ಪುಸ್ತಕದಿಂದ ತಿಳಿಯಲಿಲ್ಲ. ಮುಂದೆ ಅವನು ಕಟ್ಟಿದ ಮನೆಗಳಲ್ಲಿ ಕೆತ್ತಿದ ಕಲ್ಲು ಬಹು ಸ್ವಲ್ಪವಾಗಿಯೂ ಬೇಕಾದ ಸ್ಥಳದಲ್ಲಿ ಮಾತ್ರವಾಗಿಯೂ ಇರುವುದನ್ನು ನೋಡಿದರೆ, ಕಲ್ಲಿನ ಬೆಲೆಯನ್ನು ಕೈಯಿಂದ ಅರಿತವನ ಮಿತವ್ಯಯ ಅದೆಂಬುದು ಸ್ಪಷ್ಟವಾಗುತ್ತದೆ. ಶೈಲಿಯ ಮೊದಲ ಪದರ ಹೀಗೆ ಕಸಬಿನಲ್ಲಿಯೇ ಕೂಡಿತು.

ಎರಡನೆಯ ಪದರವನ್ನು ಕೂಡಿಸಿದವನು ಜಾನ್ ಜಾರ್ಜೋ ತ್ರಿಸ್ಸಿನೋ ಎಂಬ ಶ್ರೀಮಂತ ವಿದ್ವಾಂಸ. ೧೫೩೦ರ ದಶಕದಲ್ಲಿ ಈತನು ವಿಚೆಂಜಾದ ಹೊರವಲಯದ ಕ್ರಿಕೋಲಿಯಲ್ಲಿ ತನ್ನ ಮನೆಯನ್ನು ಪುರಾತನ ರೋಮನ್ ಮಾದರಿಯಂತೆ ಪುನರ್ನಿರ್ಮಿಸುತ್ತಿದ್ದನು. ಆ ಕಾಲದಲ್ಲಿ ಅವನ ಕಣ್ಣು ಕಲ್ಲುಕುಟಿಗ ಆಂಡ್ರಿಯಾನ ಮೇಲೆ ಬಿದ್ದಿತು. ಗ್ರೀಕರ ಜ್ಞಾನದೇವತೆಯಾದ ಪಲ್ಲಾಸ್ ಅಥೀನೆಯನ್ನು ನೆನಪಿಗೆ ತರುವ ‘ಪಲ್ಲಾಡಿಯೋ’ ಎಂಬ ಹೆಸರನ್ನು ಅವನಿಗೆ ಕೊಟ್ಟವನು ತ್ರಿಸ್ಸಿನೋವೇ. ಮೂವತ್ತು ವಯಸ್ಸಿನ ಆಸುಪಾಸಿನಲ್ಲಿದ್ದ, ಹೆಂಡತಿ ಮಕ್ಕಳುಳ್ಳ ಕೆಲಸಗಾರನೊಬ್ಬನಿಗೆ ಹೊಸ ಹೆಸರು, ಹೊಸ ವಿದ್ಯೆ, ಹೊಸ ಸಹವಾಸ ಎಲ್ಲವೂ ಏಕಕಾಲಕ್ಕೆ ದೊರೆತುವು. ೧೫೪೦ರ ಸುಮಾರಿಗೆ ದಾಖಲೆಗಳು ಅವನನ್ನು ವಾಸ್ತುಶಿಲ್ಪಿಯೆಂದು ಕರೆಯತೊಡಗುತ್ತವೆ.

ಈ ಹಂತದಲ್ಲಿ ಅವನಿಗೆ ತನ್ನದೆನ್ನುವ ಶೈಲಿ ಇದ್ದಿತೇ? ಲೊನೇದೋ ಎಂಬಲ್ಲಿ ಗೋದಿ ಮನೆತನಕ್ಕಾಗಿ ೧೫೪೨ರ ವೇಳೆಗೆ ಅವನು ಕಟ್ಟಿದ ಹಳ್ಳಿಮನೆ ಇದಕ್ಕೆ ಉತ್ತರ ಕೊಡುತ್ತದೆ. ಅದು ದಪ್ಪ ಗೋಡೆಗಳ, ಸಮತಟ್ಟಾದ ಮುಖವುಳ್ಳ, ಕಂಬವೇ ಇಲ್ಲದ ಕಟ್ಟಡ. ನಡುಭಾಗ ಸ್ವಲ್ಪ ಹಿಂದಕ್ಕೆ ಸರಿದಿದೆ. ಅಲ್ಲಿ ಮೂರು ಕಮಾನುಗಳ ಕೈಸಾಲೆ, ಅದರ ಮುಂದೆ ಮೆಟ್ಟಿಲು. ಎಡಬಲಗಳ ಸಮತೆಯನ್ನು ಬಿಟ್ಟರೆ ಮುಂದಿನ ಪಲ್ಲಾಡಿಯೋನ ಸುಳಿವು ಅಲ್ಲಿ ಇಲ್ಲವೆಂದೇ ಹೇಳಬೇಕು. ಒಳ್ಳೆಯ ಕೆಲಸಗಾರನೊಬ್ಬನ ಜಾಗರೂಕತೆಯ ಕೃತಿ ಅದು, ಅಷ್ಟೆ.

೩

೧೫೪೧ರಲ್ಲಿ ತ್ರಿಸ್ಸಿನೋ ಅವನನ್ನು ರೋಮಿಗೆ ಕರೆದುಕೊಂಡು ಹೋದನು. ಆಮೇಲೆ ೧೫೪೫ರಿಂದ ೧೫೪೭ರ ನಡುವೆ ದೀರ್ಘಕಾಲವೂ, ಅನಂತರ ೧೫೪೯ರಲ್ಲಿಯೂ ೧೫೫೪ರಲ್ಲಿಯೂ ಅವನು ರೋಮನ್ನು ಸಂದರ್ಶಿಸಿದನು. ಅಲ್ಲಿ ಅವನು ಮಾಡಿದ ಮುಖ್ಯ ಕೆಲಸ ಅಳತೆ. ಪ್ಯಾಂಥಿಯನ್, ಚಕ್ರವರ್ತಿಗಳ ಸ್ನಾನಗೃಹಗಳು, ಮುರಿದ ದೇವಾಲಯಗಳು ಇವೆಲ್ಲವುಗಳ ತಳವಿನ್ಯಾಸವನ್ನೂ ಕಂಬಗಳ ಅಂತರವನ್ನೂ ಅಂಚುಪಟ್ಟಿಗಳ ಆಕಾರವನ್ನೂ ಅಳೆದು, ತನ್ನ ಊರಿನ ಅಡಿಯ ಲೆಕ್ಕದಲ್ಲಿ ಕಾಗದದ ಮೇಲೆ ಗುರುತು ಹಾಕಿಕೊಂಡನು. ವಿಚೆಂಜಾದ ಅಡಿ ಈಗಿನ ಸುಮಾರು ೩೫ ಸೆಂಟಿಮೀಟರಿಗೆ ಸಮ.

ಈ ಹಾಳೆಗಳನ್ನು ಪರಿಶೀಲಿಸಿದವರಿಗೆ ಒಂದು ವಿಷಯ ಗೋಚರವಾಗುತ್ತದೆ. ಅವನು ಅಳೆದುದು ಅವಶೇಷಗಳನ್ನು. ಬರೆದುದು ಪೂರ್ಣ ಕಟ್ಟಡಗಳನ್ನು. ಬಿದ್ದುಹೋದ ಮಾಡು, ಕಾಣೆಯಾದ ಮುಡಿ, ಮುರಿದ ಮೂಲೆ ಇವನ್ನೆಲ್ಲ ಅವನು ಊಹೆಯಿಂದ ತುಂಬಿದನು. ಊಹಿಸುವಾಗ ಪ್ರತಿಯೊಬ್ಬನೂ ತನಗೆ ಸರಿಯೆಂದು ತೋರುವುದನ್ನೇ ಬರೆಯುತ್ತಾನೆ. ಆದುದರಿಂದ, ಪ್ರಾಚೀನರನ್ನು ಯಥಾವತ್ತಾಗಿ ಅನುಸರಿಸುತ್ತಿದ್ದೇನೆಂದು ನಂಬಿದ್ದ ವೇಳೆಯಲ್ಲಿಯೇ ಅವನು ತನ್ನ ಸ್ವಂತ ಆಯ್ಕೆಗಳನ್ನು ಅಭ್ಯಾಸ ಮಾಡುತ್ತಿದ್ದನು. ಅನುಕರಣೆಗೂ ಸ್ವೋಪಜ್ಞತೆಗೂ ನಡುವೆ ನಾವು ಎಳೆಯುವ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ನಮ್ಮ ಪ್ರಬಂಧಕ್ಕೆ ಇದು ಮುಖ್ಯವಾದ ಅಂಶ.

ಪ್ರಾಚೀನರಿಂದ ಮಾತ್ರವಲ್ಲ, ತನ್ನ ಕಾಲದವರಿಂದಲೂ ಅವನು ನಿಸ್ಸಂಕೋಚವಾಗಿ ಕಲಿತನು. ಸೆರ್ಲಿಯೋನ ಸಚಿತ್ರ ಗ್ರಂಥಗಳು ೧೫೩೭ರಲ್ಲಿಯೂ ೧೫೪೦ರಲ್ಲಿಯೂ ಹೊರಬಿದ್ದಿದ್ದುವು. ಸಾನ್ಸೊವಿನೋ ವೆನಿಸ್ಸಿನಲ್ಲಿ ದೊಡ್ಡ ಗ್ರಂಥಾಲಯವನ್ನು ಕಟ್ಟಿಸುತ್ತಿದ್ದನು. ಮಾಂತುವಾದ ಜೂಲಿಯೋ ರೊಮಾನೋ ವಿಚೆಂಜಾಕ್ಕೆ ಬಂದುಹೋಗಿದ್ದನು. ಪಲ್ಲಾಡಿಯೋ ತನ್ನ ಗ್ರಂಥದಲ್ಲಿ ತನ್ನದೆಂದು ಪ್ರಕಟಿಸಿರುವ ಥಿಯೇನೆ ಅರಮನೆಯ ವಿಷಯ ಇಲ್ಲಿ ನೆನೆಯತಕ್ಕದ್ದು. ಅದರ ಮೂಲ ಕಲ್ಪನೆ ಜೂಲಿಯೋ ರೊಮಾನೋನದೆಂದು ಇಂಗ್ಲೆಂಡಿನ ಇನಿಗೋ ಜೋನ್ಸ್ ೧೬೧೪ರ ಸುಮಾರಿನಲ್ಲಿ ಇಟಲಿಯಲ್ಲಿ ಕೇಳಿ ತಿಳಿದು, ತನ್ನ ಪ್ರತಿಯ ಅಂಚಿನಲ್ಲಿ ಬರೆದಿಟ್ಟಿದ್ದಾನೆ. ಇಂದಿನ ಪಂಡಿತರಲ್ಲಿ ಹಲವರು ಈ ಮಾತನ್ನು ಒಪ್ಪುತ್ತಾರೆ. ಇದರಿಂದ ಪಲ್ಲಾಡಿಯೋನ ಯೋಗ್ಯತೆಗೆ ಕುಂದಿಲ್ಲ. ಇನ್ನೊಬ್ಬನ ಭಾರವಾದ, ಒರಟು ಕಲ್ಲಿನ ರೀತಿಯನ್ನು ಕಟ್ಟಿ ನೋಡಿದ ಬಳಿಕವೇ ಅದು ತನಗೆ ಒಗ್ಗುವುದಿಲ್ಲವೆಂಬುದು ಅವನಿಗೆ ತಿಳಿದಿರಬೇಕು. ಮುಂದಿನ ಕೃತಿಗಳಲ್ಲಿ ಅದು ಕ್ರಮಕ್ರಮವಾಗಿ ಹಿಂದೆ ಸರಿಯುತ್ತದೆ.

೪

ಅವನ ಮೊದಲ ದೊಡ್ಡ ಕೆಲಸ ಹೊಸ ಕಟ್ಟಡವಲ್ಲ, ಹಳೆಯದೊಂದರ ದುರಸ್ತಿ. ವಿಚೆಂಜಾದ ನಡುವೆ ನಗರಸಭೆಯ ಹದಿನೈದನೆಯ ಶತಮಾನದ ಭವನವಿದ್ದಿತು. ಅದರ ಸುತ್ತ ಕಟ್ಟಿದ್ದ ಕೈಸಾಲೆ ೧೪೯೬ರಲ್ಲಿ ಕುಸಿದುಬಿದ್ದಿತು. ಸಭೆಯವರು ಸಾನ್ಸೊವಿನೋ, ಸೆರ್ಲಿಯೋ, ಸಾನ್ಮಿಕೆಲಿ, ಜೂಲಿಯೋ ರೊಮಾನೋ ಮೊದಲಾದ ಹೆಸರುವಾಸಿಗಳನ್ನೆಲ್ಲ ಕರೆಸಿ ಸಲಹೆ ಕೇಳಿದರು, ಯಾವುದೂ ಸ್ಥಿರವಾಗಲಿಲ್ಲ. ೧೫೪೬ರಲ್ಲಿ ಪಲ್ಲಾಡಿಯೋನ ಸೂಚನೆಯಂತೆ ಒಂದು ಅಂಕಣದ ಮಾದರಿಯನ್ನು ಮರದಲ್ಲಿ ಮಾಡಿಸಿ ನಿಲ್ಲಿಸಿ ನೋಡಿದರು. ೧೫೪೯ರ ಏಪ್ರಿಲ್ ತಿಂಗಳಲ್ಲಿ ಸಭೆಯು ಅವನ ಯೋಜನೆಯನ್ನು ಸ್ವೀಕರಿಸಿ, ತಿಂಗಳಿಗೆ ಐದು ಡುಕಾಟುಗಳ ಸಂಬಳವನ್ನು ಗೊತ್ತುಮಾಡಿತು.

ಸಮಸ್ಯೆ ಇದ್ದುದು ಹೀಗೆ. ಹಳೆಯ ಭವನದ ಅಂಕಣಗಳು ಒಂದೇ ಅಳತೆಯವಲ್ಲ. ಒಂದು ಅಗಲ, ಒಂದು ಕಿರಿದು. ಹೊರಗೆ ಸಮನಾದ ಕಮಾನುಗಳ ಸಾಲನ್ನು ಕಟ್ಟಿದರೆ ಅದು ಒಳಗಿನ ಗೋಡೆಗಳಿಗೆ ಹೊಂದುವುದಿಲ್ಲ. ಒಳಗಿನದಕ್ಕೆ ಹೊಂದಿಸಿದರೆ ಕಮಾನುಗಳು ಒಂದು ಎತ್ತರ ಒಂದು ತಗ್ಗಾಗಿ ನೋಟ ಕೆಡುತ್ತದೆ. ಪಲ್ಲಾಡಿಯೋ ಪ್ರತಿ ಅಂಕಣದ ನಡುವೆ ಒಂದೇ ಅಳತೆಯ ಕಮಾನನ್ನಿಟ್ಟು, ಅದನ್ನು ಜೋಡಿ ಚಿಕ್ಕ ಕಂಬಗಳ ಮೇಲೆ ನಿಲ್ಲಿಸಿ, ಕಮಾನಿನ ಎರಡು ಪಕ್ಕಗಳಲ್ಲಿ ಚಪ್ಪಟೆ ತೊಲೆಯ ಕಿರುದ್ವಾರಗಳನ್ನು ಬಿಟ್ಟನು. ಅಂಕಣ ಅಗಲವಾದಲ್ಲಿ ಪಕ್ಕದ ದ್ವಾರಗಳು ಅಗಲವಾಗುತ್ತವೆ. ಕಿರಿದಾದಲ್ಲಿ, ಮುಖ್ಯವಾಗಿ ಮೂಲೆಗಳಲ್ಲಿ, ಅವು ಕಿರಿದಾಗುತ್ತವೆ. ಕಮಾನು ಮಾತ್ರ ಬದಲಾಗುವುದಿಲ್ಲ. ಚೌಕದಲ್ಲಿ ನಿಂತು ನೋಡುವವನ ಕಣ್ಣು ಕಮಾನುಗಳ ತಾಳವನ್ನೇ ಹಿಡಿದು ಸಾಗುವುದರಿಂದ ಪಕ್ಕದ ಏರುಪೇರು ಅವನ ಗಮನಕ್ಕೆ ಬರುವುದಿಲ್ಲ.

ಕಮಾನೊಂದು, ಪಕ್ಕದಲ್ಲಿ ಎರಡು ಚಪ್ಪಟೆ ದ್ವಾರಗಳು ಎಂಬ ಈ ಜೋಡಣೆ ಪಲ್ಲಾಡಿಯೋನ ಆವಿಷ್ಕಾರವಲ್ಲ. ಸೆರ್ಲಿಯೋನ ಪುಸ್ತಕದಲ್ಲಿ ಅದರ ಚಿತ್ರವಿದೆ. ಸಾನ್ಸೊವಿನೋನ ಗ್ರಂಥಾಲಯದ ಮೇಲಂತಸ್ತಿನಲ್ಲಿ ಅದೇ ಇದೆ. ಆದರೂ ಮುಂದಿನ ಜನ ಅದನ್ನು ‘ಪಲ್ಲಾಡಿಯೋನ ಕಿಟಕಿ’ ಎಂದೇ ಕರೆದರು. ಇದನ್ನು ಬರಿಯ ಅನ್ಯಾಯವೆನ್ನಲಾಗದು. ಇತರರಲ್ಲಿ ಅಲಂಕಾರವಾಗಿದ್ದುದು ಇವನಲ್ಲಿ ಒಂದು ತೊಡಕಿನ ಪರಿಹಾರವಾಯಿತು. ರೂಪವು ಪರರದಾಗಿದ್ದರೂ ಅದರ ಅಗತ್ಯವನ್ನು ಕಂಡುಕೊಂಡವನು ಇವನು. ವೈಯಕ್ತಿಕ ಶೈಲಿಯೆಂದರೆ ಹೊಸ ರೂಪಗಳ ಸೃಷ್ಟಿ ಎಂದು ಭಾವಿಸುವವರು ಈ ಉದಾಹರಣೆಯನ್ನು ಮನನ ಮಾಡಬೇಕು.

೫

ಪಲ್ಲಾಡಿಯೋನ ಶೈಲಿ ಪರಿಪಕ್ವವಾದುದು ಹಳ್ಳಿಮನೆಗಳಲ್ಲಿ. ಈ ಮನೆಗಳ ಹಿಂದೆ ಒಂದು ಆರ್ಥಿಕ ಪರಿವರ್ತನೆಯಿದೆಯೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು. ವೆನಿಸ್ಸಿನ ಶ್ರೀಮಂತರು ಶತಮಾನಗಳಿಂದ ಸಮುದ್ರವ್ಯಾಪಾರಿಗಳು. ಹದಿನಾರನೆಯ ಶತಮಾನದಲ್ಲಿ ಆ ವ್ಯಾಪಾರದ ಭದ್ರತೆ ಕಡಮೆಯಾದಂತೆ ಅವರು ಒಳನಾಡಿನ ಭೂಮಿಯಲ್ಲಿ ಹಣ ಹೂಡಿದರು. ಜೌಗುನೆಲವನ್ನು ಬಸಿದು ಸಾಗುವಳಿಗೆ ತರುವುದಕ್ಕಾಗಿ ೧೫೫೬ರಲ್ಲಿ ಗಣರಾಜ್ಯವು ಒಂದು ಪ್ರತ್ಯೇಕ ಅಧಿಕಾರಮಂಡಲಿಯನ್ನೇ ಸ್ಥಾಪಿಸಿತು. ಭೂಮಿಯ ಒಡೆಯನಿಗೆ ಬೆಳೆಯನ್ನು ಕಣ್ಣಿನಲ್ಲಿ ಕಾಣುವಂಥ, ಕಣಜ ಕೊಟ್ಟಿಗೆಗಳು ಹತ್ತಿರದಲ್ಲಿಯೇ ಇರುವಂಥ, ಆದರೆ ತನ್ನ ಅಂತಸ್ತಿಗೂ ಒಪ್ಪುವಂಥ ಮನೆ ಬೇಕಾಯಿತು. ಹಣವಾದರೋ ಭೂಮಿಗೇ ಬಹುಮಟ್ಟಿಗೆ ವೆಚ್ಚವಾಗಿರುತ್ತಿತ್ತು.

ಪಲ್ಲಾಡಿಯೋ ಈ ಬೇಡಿಕೆಗೆ ಕೊಟ್ಟ ಉತ್ತರವನ್ನು ಫಾನ್ಸೋಲೋ ಗ್ರಾಮದ ಎಮೋ ಮನೆತನದ ವಸತಿಯಲ್ಲಿ ನಿಚ್ಚಳವಾಗಿ ಕಾಣಬಹುದು. ನಡುವೆ ಎತ್ತರದ ಜಗತಿಯ ಮೇಲೆ ಒಡೆಯನ ಮನೆ. ಅದರ ಮುಂದೆ ನಾಲ್ಕು ಕಂಬಗಳ ಮುಖಮಂಟಪ. ಮೇಲೆ ದೇವಾಲಯದಂತೆ ತ್ರಿಕೋನಾಕಾರದ ಮುಡಿ. ಎಡಬಲಗಳಲ್ಲಿ ಕಮಾನುಗಳುಳ್ಳ ಉದ್ದನೆಯ ಸಾಲುಪಡಸಾಲೆಗಳು; ಅವುಗಳ ಹಿಂದೆ ಬೇಸಾಯದ ಕೋಣೆಗಳು; ತುದಿಗಳಲ್ಲಿ ಪಾರಿವಾಳದ ಗೂಡುಗೋಪುರಗಳು. ಮಳೆಯಲ್ಲಿ ನೆನೆಯದೆ ಒಡೆಯನು ಮನೆಯಿಂದ ತನ್ನ ದವಸದವರೆಗೂ ನಡೆದುಹೋಗಬಹುದು. ಕಿಟಕಿಗಳಿಗೆ ಕೆತ್ತನೆಯ ಚೌಕಟ್ಟಿಲ್ಲ. ಗೋಡೆಗಳು ಇಟ್ಟಿಗೆ, ಅದರ ಮೇಲೆ ಗಾರೆ. ಅವನ ಹಳ್ಳಿಮನೆಗಳಲ್ಲಿ ಸಾಮಾನ್ಯವಾಗಿ ಕಲ್ಲು ಕಾಣುವುದು ಕಂಬದ ಅಡಿ, ಬೋದಿಗೆ ಮೊದಲಾದ ಕೆಲವೇ ಭಾಗಗಳಲ್ಲಿ.

ದೇವಾಲಯದ ಮುಖವನ್ನು ಮನೆಗೆ ತೊಡಿಸಿದುದು ಪಲ್ಲಾಡಿಯೋನ ಹೆಸರಿನೊಡನೆ ಕೂಡಿಕೊಂಡ ಮುಖ್ಯ ಲಕ್ಷಣ. ಇದಕ್ಕೆ ಅವನು ಕೊಡುವ ಸಮರ್ಥನೆ ಕುತೂಹಲಕರವಾದುದು. ಮಾನವನು ಮೊದಲು ಕಟ್ಟಿದುದು ಮನೆಯನ್ನು, ದೇವಾಲಯದ ರೂಪ ಹುಟ್ಟಿದುದು ಮನೆಯಿಂದ. ಆದುದರಿಂದ ಆ ಮುಖವು ಮನೆಗೆ ಮರಳುವುದರಲ್ಲಿ ತಪ್ಪಿಲ್ಲ ಎಂಬುದು ಅವನ ವಾದದ ಸಾರ. ಚಾರಿತ್ರಿಕವಾಗಿ ಈ ವಾದ ನಿಲ್ಲುವುದಿಲ್ಲ. ಪುರಾತನ ರೋಮನ್ನರ ಮನೆಗಳು ಹಾಗಿರಲಿಲ್ಲವೆಂಬುದನ್ನು ಮುಂದಿನ ಉತ್ಖನನಗಳು ತೋರಿಸಿಕೊಟ್ಟಿವೆ. ಆದರೆ ಒಂದು ತಪ್ಪು ಊಹೆಯೂ ಫಲವತ್ತಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಒಳಗಿನ ವಿನ್ಯಾಸದಲ್ಲಿಯೂ ಅವನು ಕೆಲವೇ ನಿಯಮಗಳಿಗೆ ಕಟ್ಟುಬಿದ್ದನು. ನಡುವೆ ದೊಡ್ಡ ಪಡಸಾಲೆ. ಎರಡು ಕಡೆಗಳಲ್ಲಿ ಒಂದಕ್ಕೊಂದು ಸರಿಜೋಡಿಯಾದ ದೊಡ್ಡ, ನಡುತರದ, ಚಿಕ್ಕ ಕೋಣೆಗಳು. ಎರಡು ಪಕ್ಕಗಳೂ ಸಮನಾಗಿದ್ದರೆ ಗೋಡೆಗಳು ಮಾಡಿನ ಭಾರವನ್ನು ಸಮನಾಗಿ ಹೊರುತ್ತವೆ ಎಂಬುದು ಅವನು ಹೇಳುವ ಕಾರಣ. ಇದು ಕಲ್ಲುಕುಟಿಗನ ಮಾತು. ಕೋಣೆಗೆ ಏಳು ಆಕಾರಗಳನ್ನು ಅವನು ಶಿಫಾರಸು ಮಾಡುತ್ತಾನೆ: ವೃತ್ತ, ಚೌಕ, ಚೌಕದ ಕರ್ಣದಷ್ಟು ಉದ್ದವುಳ್ಳದ್ದು, ಅನಂತರ ಅಗಲಕ್ಕೂ ಉದ್ದಕ್ಕೂ ೩:೪, ೨:೩, ೩:೫, ೧:೨ ಪ್ರಮಾಣವುಳ್ಳವು. ಎತ್ತರಕ್ಕೂ ಗಣಿತವಿದೆ. ಕೋಣೆ ೬ ಅಡಿ ಅಗಲ ೧೨ ಅಡಿ ಉದ್ದವಾಗಿದ್ದರೆ ಅವೆರಡರ ಸಮಾಂತರ ಮಧ್ಯಮವಾದ ೯ ಅಡಿ ಎತ್ತರವನ್ನು ಕೊಡಬಹುದು. ಹರಾತ್ಮಕ ಮಧ್ಯಮವನ್ನು ಹಿಡಿದರೆ ೮ ಅಡಿ. ಇದು ವಿದ್ವಾಂಸರ ಮಾತು. ತ್ರಿಸ್ಸಿನೋವಿನಿಂದಲೂ, ಪಲ್ಲಾಡಿಯೋನ ಚಿತ್ರಗಳೊಡನೆ ೧೫೫೬ರಲ್ಲಿ ವಿಟ್ರುವಿಯಸ್ಸನ ಗ್ರಂಥಕ್ಕೆ ವ್ಯಾಖ್ಯಾನ ಪ್ರಕಟಿಸಿದ ದಾನಿಯೆಲೆ ಬಾರ್ಬರೋವಿನಿಂದಲೂ ಬಂದ ಸಂಸ್ಕಾರ. ಹೀಗೆ ಕಮ್ಮಟದ ಅರಿವೂ ಗ್ರಂಥದ ಅರಿವೂ ಒಂದೇ ತಳವಿನ್ಯಾಸದಲ್ಲಿ ಕೂಡಿಕೊಂಡಾಗ ಆ ತಳವಿನ್ಯಾಸವು ಇನ್ನೊಬ್ಬನದೆಂದು ಹೇಳಲಾಗದಂತಾಯಿತು.

ಗಮನಿಸಬೇಕಾದ ಇನ್ನೊಂದು ಅಂಶ ಪುನರಾವೃತ್ತಿ. ಮುಖಮಂಟಪ, ಜಗತಿ, ನಡುಪಡಸಾಲೆ, ಸರಿಜೋಡಿ ಕೋಣೆಗಳು ಎಂಬ ಕೆಲವೇ ಸಾಮಗ್ರಿಗಳನ್ನು ಅವನು ಮನೆಯಿಂದ ಮನೆಗೆ ಒಯ್ದನು. ಬ್ರೆಂತಾ ನದಿಯ ದಡದ ಫೋಸ್ಕರಿ ಮನೆಯಲ್ಲಿ ಮುಖಮಂಟಪ ಮುಂದಕ್ಕೆ ಚಾಚಿ ನೀರಿನತ್ತ ನೋಡುತ್ತದೆ. ಪಿಯೊಂಬಿನೋದ ಕೊರ್ನಾರೋ ಮನೆಯಲ್ಲಿ ಅದು ಎರಡಂತಸ್ತಾಗುತ್ತದೆ. ವಿಚೆಂಜಾದ ಹೊರಗಿನ ಗುಡ್ಡದ ಮೇಲೆ, ನಾಲ್ಕು ದಿಕ್ಕಿಗೂ ನೋಟ ತೆರೆದಿರುವ ರೊತೊಂದಾ ಭವನದಲ್ಲಿ, ಮುಖಮಂಟಪಗಳೂ ನಾಲ್ಕಾಗಿ ನಡುವೆ ಗುಮ್ಮಟ ಏಳುತ್ತದೆ. ಸಾಮಗ್ರಿ ಒಂದೇ, ಸ್ಥಳ ಬೇರೆಯಾದಂತೆ ಉತ್ತರ ಬೇರೆ. ಸಣ್ಣ ಶಬ್ದಭಂಡಾರವನ್ನು ಚೆನ್ನಾಗಿ ಬಲ್ಲವನು ಎಷ್ಟು ಮಾತನಾಡಬಲ್ಲನೆಂಬುದನ್ನು ಈ ಮನೆಗಳು ತೋರಿಸುತ್ತವೆ.

೬

ಶೈಲಿ ಕೈಗೆ ಬಂದಮೇಲೆ ಅದು ಅಲ್ಲಿಗೇ ನಿಂತುಬಿಡುವ ಅಪಾಯವಿದೆ. ಪಲ್ಲಾಡಿಯೋನನ್ನು ಅದರಿಂದ ಪಾರುಮಾಡಿದುವು ಹೊಸ ಬಗೆಯ ಕೆಲಸಗಳು. ವೆನಿಸ್ಸಿನ ಇಗರ್ಜಿಗಳಲ್ಲಿ ಅವನಿಗೆ ಹಳ್ಳಿಮನೆಯ ಸೂತ್ರ ಸಾಲಲಿಲ್ಲ. ಇಗರ್ಜಿಯ ನಡುಭಾಗ ಎತ್ತರ, ಪಕ್ಕದ ಸಾಲುಗಳು ತಗ್ಗು. ದೇವಾಲಯದ ಒಂದು ಮುಖ ಇವೆರಡನ್ನೂ ಮುಚ್ಚಲಾರದು. ಅವನು ಎತ್ತರವಾದ ಕಿರಿದು ಮುಖವೊಂದನ್ನು ತಗ್ಗಾದ ಅಗಲ ಮುಖವೊಂದರೊಳಗೆ ಹೆಣೆದನು. ೧೫೬೬ರಲ್ಲಿ ಆರಂಭವಾದ ಸಾನ್ ಜಾರ್ಜೋ ಮಜ್ಜೋರೆ, ೧೫೭೫–೭೭ರ ಪ್ಲೇಗಿನ ಕಾಲದ ಹರಕೆಯಿಂದ ೧೫೭೭ರಲ್ಲಿ ಆರಂಭವಾದ ರೆದೆಂತೋರೆ ಎಂಬ ಇಗರ್ಜಿಗಳಲ್ಲಿ ಈ ಯುಕ್ತಿಯನ್ನು ಕಾಣಬಹುದು. ಯೌವನದಲ್ಲಿ ರೋಮನ್ ಸ್ನಾನಗೃಹಗಳಲ್ಲಿ ಅಳೆದಿದ್ದ ಅರ್ಧವೃತ್ತಾಕಾರದ ದೊಡ್ಡ ಕಿಟಕಿಗಳು ಈ ಇಗರ್ಜಿಗಳೊಳಗೆ ಬೆಳಕನ್ನು ತಂದುವು.

ಸೋಲುಗಳೂ ಅವನಿಗೆ ಕಡಮೆಯಿರಲಿಲ್ಲ. ವೆನಿಸ್ಸಿನ ರಿಯಾಲ್ತೋ ಸೇತುವೆಗೆ ಅವನು ಮಾಡಿದ ಯೋಜನೆಗಳು ಕಾರ್ಯಗತವಾಗಲಿಲ್ಲ. ಅವನು ತೀರಿಕೊಂಡ ಬಳಿಕ ಅದನ್ನು ಬೇರೊಬ್ಬನು ಕಟ್ಟಿದನು. ೧೫೭೭ರ ಡಿಸೆಂಬರಿನಲ್ಲಿ ಗಣರಾಜ್ಯದ ಅರಮನೆಗೆ ಬೆಂಕಿ ಬಿದ್ದಾಗ ಅದನ್ನು ಹೊಸ ರೀತಿಯಲ್ಲಿ ಕಟ್ಟಬೇಕೆಂಬ ಅವನ ಸಲಹೆಯನ್ನು ಬಿಟ್ಟು, ಹಿಂದಿದ್ದಂತೆಯೇ ಸರಿಪಡಿಸಲು ತೀರ್ಮಾನವಾಯಿತು. ೧೫೭೨ರಲ್ಲಿ ಲಿಯೊನಿದಾ, ಒರಾತ್ಸಿಯೋ ಎಂಬ ಇಬ್ಬರು ಗಂಡುಮಕ್ಕಳನ್ನು ಅವನು ಕಳೆದುಕೊಂಡನು.

ವಿಚೆಂಜಾದ ಮುಖ್ಯ ಚೌಕದಲ್ಲಿ ನಿಂತವನು ಒಂದು ಕಡೆ ೧೫೪೯ರ ಯೋಜನೆಯ ನಗರಭವನವನ್ನೂ, ಎದುರಿಗೆ ೧೫೭೧ರಲ್ಲಿ ಆರಂಭವಾದ ಕಪಿತಾನಿಯಾತೋ ಮಂಟಪವನ್ನೂ ಒಂದೇ ನೋಟದಲ್ಲಿ ಕಾಣುತ್ತಾನೆ. ಮೊದಲನೆಯದರಲ್ಲಿ ಒಂದರ ಮೇಲೊಂದು ಅಂತಸ್ತು, ಪ್ರತಿಯೊಂದಕ್ಕೂ ಅದರದೇ ಕಂಬಗಳು, ಎಲ್ಲವೂ ಕಲ್ಲು, ಎಲ್ಲವೂ ತಿಳಿಯಾದ ಅಳತೆ. ಎರಡನೆಯದರಲ್ಲಿ ನೆಲದಿಂದ ಮೇಲಿನವರೆಗೆ ಒಂದೇ ಏರಿಕೆಯಲ್ಲಿ ನಿಂತ ಇಟ್ಟಿಗೆಯ ಭಾರಿ ಕಂಬಗಳು, ನಡುವೆ ತುಂಬಿ ತುಳುಕುವ ಗಾರೆಯ ಉಬ್ಬುಚಿತ್ರಗಳು. ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ಒಬ್ಬನೇ ವ್ಯಕ್ತಿ ಎಷ್ಟು ದೂರ ನಡೆದನೆಂಬುದಕ್ಕೆ ಇವೆರಡೂ ಎದುರುಬದುರಾಗಿ ನಿಂತ ಸಾಕ್ಷಿಗಳು. ೧೫೮೦ರಲ್ಲಿ ವಿಚೆಂಜಾದ ಒಲಿಂಪಿಕೋ ರಂಗಮಂದಿರದ ಕೆಲಸ ಆರಂಭವಾಗಿತ್ತು. ಆ ವರ್ಷದ ಆಗಸ್ಟಿನಲ್ಲಿಯೇ ಪಲ್ಲಾಡಿಯೋ ಕಾಲವಾದನು.

೭

ಈಗ ಅವನ ಗ್ರಂಥವನ್ನು ನೋಡೋಣ. ೧೫೭೦ರ ಆ ಪುಸ್ತಕಗಳಲ್ಲಿ ಮೇಲೆ ಹೇಳಿದ ಅಲೆದಾಟದ ಸುಳಿವೇ ದೊರೆಯುವುದಿಲ್ಲ. ಅಲ್ಲಿ ಎಲ್ಲ ಕಟ್ಟಡಗಳೂ ಒಂದೇ ಸಿದ್ಧಾಂತದಿಂದ ಹೊರಟಂತೆ ತೋರುತ್ತವೆ. ಏಕೆಂದರೆ ಅವನು ತನ್ನ ಹಳೆಯ ಕೃತಿಗಳನ್ನು ಇದ್ದಂತೆ ಅಚ್ಚುಹಾಕಿಸಲಿಲ್ಲ. ತಿದ್ದಿ ಬರೆದು ಕೊಟ್ಟನು. ಗೋದಿ ಮನೆಯ ನಕ್ಷೆ ಪುಸ್ತಕದಲ್ಲಿ ಕಟ್ಟಿದುದಕ್ಕಿಂತ ಹೆಚ್ಚು ಕ್ರಮಬದ್ಧವಾಗಿದೆ. ಇತರ ಹಲವು ಮನೆಗಳ ಅಳತೆಗಳೂ ನೆಲದ ಮೇಲಿನ ಅಳತೆಗಳಿಗೆ ಅನೇಕ ಕಡೆ ಹೊಂದುವುದಿಲ್ಲ. ಅರವತ್ತರ ಹತ್ತಿರ ಬಂದ ಮನುಷ್ಯನು ಮೂವತ್ತರ ತನ್ನನ್ನು ತಿದ್ದಿದುದು ಸಹಜವೇ. ಆದರೆ ಇತಿಹಾಸಕಾರನು ಆ ತಿದ್ದುಪಡಿಯನ್ನೇ ನಡೆದ ಸಂಗತಿಯೆಂದು ಹಿಡಿದರೆ ಬೆಳವಣಿಗೆಯ ಕಥೆ ಮರೆಯಾಗಿ ಪ್ರತಿಭೆಯ ಪವಾಡ ಮಾತ್ರ ಉಳಿಯುತ್ತದೆ. ೧೯೪೯ರಲ್ಲಿ ರುಡಾಲ್ಫ್ ವಿಟ್ಕೋವರ್ ಅವರು ಪಲ್ಲಾಡಿಯೋನ ಮನೆಗಳೆಲ್ಲವೂ ಒಂದೇ ಜ್ಯಾಮಿತಿಯ ಚೌಕಟ್ಟಿನ ರೂಪಾಂತರಗಳೆಂದು ತೋರಿಸಿದ ಗ್ರಂಥ ಬಹು ಮೌಲಿಕವಾದುದು. ಆದರೂ ಅದು ಫಲವನ್ನು ವಿವರಿಸುತ್ತದೆಯೇ ಹೊರತು ಬೆಳೆಯನ್ನಲ್ಲ ಎಂದು ವಿನಯದಿಂದ ಹೇಳಬೇಕಾಗುತ್ತದೆ.

ಇದರ ಪರಿಣಾಮ ದೂರದವರೆಗೂ ಹರಿಯಿತು. ಇನಿಗೋ ಜೋನ್ಸನು ಆ ಗ್ರಂಥವನ್ನು ಹಿಡಿದು ೧೬೧೩–೧೪ರಲ್ಲಿ ಇಟಲಿಯನ್ನು ಸುತ್ತಿ, ಕಟ್ಟಡಗಳನ್ನೂ ಪುಟಗಳನ್ನೂ ಹೋಲಿಸಿ ನೋಡಿದನು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅನೇಕರಿಗೆ ಪುಟಗಳೇ ಸಾಕಾದುವು. ಪಲ್ಲಾಡಿಯೋ ಗ್ರಂಥದಲ್ಲಿ ಚಿತ್ರಿಸಿದ್ದ, ಆದರೆ ಕಟ್ಟಲಾಗದೆ ಹೋದ ಮೊಚೆನೀಗೋ ಮನೆಯೊಂದರ ನಕ್ಷೆ ಡಾರ್ಬಿಶೈರಿನ ಕೆಡಲ್‌ಸ್ಟನ್ ಭವನಕ್ಕೆ ಪ್ರೇರಣೆಯಾಯಿತು. ಕೆಡಲ್‌ಸ್ಟನ್ನಿನ ಮಾದರಿಯ ಮೇಲೆ ವೆಲ್ಲೆಸ್ಲಿಯು ೧೭೯೯ರಿಂದ ೧೮೦೩ರೊಳಗೆ ಚಾರ್ಲ್ಸ್ ವಯಟ್‌ನಿಂದ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ಲರ ಭವನವನ್ನು ಕಟ್ಟಿಸಿದನು. ಅದು ಈಗ ಅಲ್ಲಿನ ರಾಜ್ಯಪಾಲರ ನಿವಾಸ. ಬ್ರೆಂತಾ ತೀರದ ಬೇಸಾಯಗಾರನಿಗಾಗಿ ಯೋಚಿಸಿದ ತೋಳುಗಳು, ಇಂಗ್ಲಿಷ್ ಪ್ರಭುವಿನ ಉದ್ಯಾನವನ್ನು ಹಾದು, ಹೂಗ್ಲಿಯ ಸಮೀಪದಲ್ಲಿ ಸಾಮ್ರಾಜ್ಯದ ವೈಭವವನ್ನು ಸಾರುವ ಸಾಧನವಾದುವು. ಶ್ರೀರಂಗಪಟ್ಟಣ ಬಿದ್ದ ವರ್ಷದಲ್ಲಿಯೇ ಆ ಭವನದ ಕೆಲಸ ಆರಂಭವಾಯಿತೆಂಬುದು ಕನ್ನಡನಾಡಿನ ಓದುಗರ ನೆನಪಿಗೆ ಬಾರದಿರದು. ರೂಪವು ದಾಟಿಬಂದಿತು, ಅದು ಹುಟ್ಟಿದ ಕಾರಣಗಳು ಅಲ್ಲಿಯೇ ಉಳಿದುವು.

ಇದುವರೆಗಿನ ವಿಚಾರದಿಂದ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ಪಲ್ಲಾಡಿಯೋನ ಶೈಲಿಯಲ್ಲಿ ಅವನೊಬ್ಬನೇ ಕಂಡುಹಿಡಿದ ಅಂಗ ಬಹು ಸ್ವಲ್ಪ. ಕಸಬು ಅವನಿಗೆ ಸಂಯಮವನ್ನು ಕಲಿಸಿತು. ಅಳತೆ ಅವನ ಕಣ್ಣನ್ನು ತಿದ್ದಿತು. ಇಕ್ಕಟ್ಟಿನ ಕೆಲಸಗಳು ಆಯ್ಕೆಯನ್ನು ಬಲವಂತಪಡಿಸಿದುವು. ಆಯ್ದ ಕೆಲವನ್ನೇ ಮತ್ತೆ ಮತ್ತೆ ಬಳಸಿ, ಪ್ರತಿ ಸಲವೂ ಸ್ಥಳಕ್ಕೆ ತಕ್ಕಂತೆ ಸರಿಮಾಡಿದುದರಿಂದ ಅವು ಅವನವಾ­ದುವು. ಮೊದಲ ಕರಾರಿನಿಂದ ನಗರಭವನದ ಒಪ್ಪಿಗೆಯವರೆಗೆ ಇಪ್ಪತ್ತೆಂಟು ವರ್ಷಗಳು ಹಿಡಿದುವು. ಆ ಅವಧಿಯಲ್ಲಿ ಅವನು ತನ್ನ ಶೈಲಿಯನ್ನು ಹುಡುಕುತ್ತಿದ್ದನೆಂದು ಹೇಳುವುದಕ್ಕಿಂತ, ಎದುರಿಗಿದ್ದ ಕೆಲಸವನ್ನು ಸರಿಯಾಗಿ ಮಾಡಲು ಯತ್ನಿಸುತ್ತಿದ್ದನೆಂದು ಹೇಳುವುದೇ ಸಾಕ್ಷ್ಯಗಳಿಗೆ ಹೆಚ್ಚು ಹತ್ತಿರವಾದ ಮಾತು.

ನಮ್ಮ ವಿದ್ಯಾರ್ಥಿಗಳು ಮುಂದೆ ಯಾವುದೇ ಕಲಾವಿದನ ಶೈಲಿಯನ್ನು ಕುರಿತು ಬರೆಯುವಾಗ ಅವನ ಪ್ರಸಿದ್ಧ ಕೃತಿಯಿಂದ ಹಿಂದಕ್ಕೆ ಓದದೆ, ಹೆಸರಿಲ್ಲದ ಕಾಲದಿಂದ ಮುಂದಕ್ಕೆ ಓದಿದರೆ ನಮ್ಮ ಈ ಪ್ರಯತ್ನ ಸಾರ್ಥಕವಾಯಿತೆಂದು ಭಾವಿಸುತ್ತೇವೆ.